ಕಚೇರಿಯ ಬರವಣಿಗೆಗೆ ಎಐ ಸಹಾಯಕ: ಎಂಟು ತಿಂಗಳ ಬಳಕೆಯ ನಂತರ

ಚಂದಾ ಕಟ್ಟಿ ತೆಗೆದುಕೊಂಡ ಎಐ ಸಹಾಯಕವೊಂದನ್ನು ಎಂಟು ತಿಂಗಳಿಂದ ಕೆಲಸದ ದಿನಗಳಲ್ಲೆಲ್ಲ ಬಳಸುತ್ತಿದ್ದೇನೆ. ನನ್ನ ಕೆಲಸ ಬಹುಪಾಲು ಬರವಣಿಗೆಯದು: ಪತ್ರಗಳ ಕರಡು, ಸಭೆಗಳ ನಡಾವಳಿ, ಬೇರೆಯವರು ಬರೆದ ವರದಿಗಳ ತಿದ್ದುಪಡಿ, ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ, ನಡುನಡುವೆ ಎಕ್ಸೆಲ್ ಕೋಷ್ಟಕಗಳು. ಸೇವೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಾನು ಕಂಡ ಗುಣದೋಷಗಳಲ್ಲಿ ಹೆಚ್ಚಿನವು ಈ ಬಗೆಯ ಎಲ್ಲ ಸೇವೆಗಳಿಗೂ ಸೇರಿದವು. ಅವನ್ನು ಒಂದೇ ಕಂಪನಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ನನ್ನ ಸುತ್ತಲಿನ ಸಹೋದ್ಯೋಗಿಗಳಲ್ಲಿ ಕೆಲವರು ಇದನ್ನು ಎಲ್ಲ ಬಲ್ಲ ಪಂಡಿತನೆಂದು ನಂಬಿ ಪೇಚಿಗೆ ಸಿಲುಕಿದ್ದಾರೆ, ಇನ್ನು ಕೆಲವರು ಮೊದಲ ತಪ್ಪು ಕಂಡ ಕೂಡಲೇ ಕೈಬಿಟ್ಟಿದ್ದಾರೆ. ಎರಡೂ ನಡೆ ಒಂದೇ ತಪ್ಪು ತಿಳುವಳಿಕೆಯಿಂದ ಹುಟ್ಟಿದವು ಎಂಬುದು ನನಗೂ ತಡವಾಗಿಯೇ ಹೊಳೆಯಿತು. ಹಾಗಾಗಿ ಈ ವಿಮರ್ಶೆಯಲ್ಲಿ ಸೇವೆಯ ಸೌಲಭ್ಯಗಳಿಗಿಂತ, ಅದರಿಂದ ಏನನ್ನು ನಿರೀಕ್ಷಿಸಬಹುದು ಎಂಬ ವಿಷಯವೇ ಹೆಚ್ಚು ಜಾಗ ತೆಗೆದುಕೊಂಡಿದೆ.

ಮೊದಲ ವಾರದಲ್ಲೇ ನಡೆದ ಒಂದು ಸಂಗತಿಯಿಂದ ಆರಂಭಿಸುತ್ತೇನೆ. ಹಳೆಯ ಕಡತಗಳನ್ನು ಎಷ್ಟು ಕಾಲ ಉಳಿಸಿಕೊಳ್ಳಬೇಕು ಎಂಬ ಪ್ರಶ್ನೆಗೆ ಉತ್ತರವಾಗಿ ಒಂದು ಪತ್ರ ಬರೆಯಬೇಕಿತ್ತು. ಇದಕ್ಕೆ ಯಾವ ನಿಯಮ ಅನ್ವಯಿಸುತ್ತದೆ ಎಂದು ಸಹಾಯಕವನ್ನು ಕೇಳಿದೆ. ನಿಯಮದ ಸಂಖ್ಯೆ, ಉಪನಿಯಮ, ಜಾರಿಗೆ ಬಂದ ದಿನಾಂಕ, ಎಲ್ಲವನ್ನೂ ಒಪ್ಪವಾಗಿ ಕೊಟ್ಟಿತು. ಪತ್ರ ಸಹಿಗೆ ಹೋಗುವ ಮುನ್ನ ನಿಯಮಾವಳಿಯ ಪುಸ್ತಕ ತೆರೆದು ನೋಡಿದರೆ, ಆ ಸಂಖ್ಯೆಯ ನಿಯಮ ಇದ್ದದ್ದು ನಿಜ, ಆದರೆ ಅದು ಸಿಬ್ಬಂದಿಯ ರಜೆಗೆ ಸಂಬಂಧಿಸಿದ್ದು. ಉಪನಿಯಮವಂತೂ ಇರಲೇ ಇಲ್ಲ. ನನ್ನನ್ನು ಕಂಗೆಡಿಸಿದ್ದು ತಪ್ಪಿಗಿಂತ ಹೆಚ್ಚಾಗಿ ಆ ಉತ್ತರದ ಧಾಟಿ. ಸರಿಯಾದ ಉತ್ತರ ಕೊಡುವಾಗ ಇರುವ ದೃಢತೆಯೇ ತಪ್ಪು ಉತ್ತರದಲ್ಲೂ ಇತ್ತು. ತಡವರಿಕೆಯಾಗಲಿ, ಸಂಶಯವಾಗಲಿ ಎಲ್ಲೂ ಕಾಣಲಿಲ್ಲ. ಮನುಷ್ಯರ ಮಾತಿನಲ್ಲಿ ನಾವು ಧ್ವನಿಯಿಂದಲೇ ಹಿಡಿಯುವ ಸುಳಿವು ಇಲ್ಲಿ ಕೆಲಸಕ್ಕೆ ಬಾರದು.

ಇದು ಹೀಗೇಕೆ ಎಂದು ತಿಳಿಯಲು ಯಂತ್ರದ ಒಳಗನ್ನು ಸ್ವಲ್ಪ ನೋಡಬೇಕಾಗುತ್ತದೆ. ಇಂಥ ಸಹಾಯಕಗಳ ಒಳಗಿರುವ ಇಂದಿನ ಭಾಷಾ ಮಾದರಿಗಳು ಗೂಗಲ್ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಟ್ರಾನ್ಸ್‌ಫಾರ್ಮರ್ ಎಂಬ ವಿನ್ಯಾಸದ ಮೇಲೆ ಬೆಳೆದವು. ಅವು ಪಠ್ಯವನ್ನು ಟೋಕನ್ ಎಂಬ ಚಿಕ್ಕ ತುಣುಕುಗಳಾಗಿ ಒಡೆದುಕೊಳ್ಳುತ್ತವೆ. ಇದುವರೆಗೆ ಬಂದ ತುಣುಕುಗಳನ್ನು ನೋಡಿ ಮುಂದಿನ ತುಣುಕು ಯಾವುದಾಗಬಹುದು ಎಂಬ ಸಂಭವನೀಯತೆಯನ್ನು ಲೆಕ್ಕಹಾಕಿ, ಅದರಲ್ಲೊಂದನ್ನು ಆರಿಸಿ, ಮತ್ತೆ ಅದೇ ಲೆಕ್ಕವನ್ನು ಮುಂದುವರಿಸುತ್ತವೆ. ಅಪಾರ ಬರಹವನ್ನು ಓದಿಸಿ ತರಬೇತಿ ಕೊಟ್ಟಿರುವುದರಿಂದ ಈ ಆಯ್ಕೆ ಬಹಳ ಸಲ ಸರಿಯಾಗಿರುತ್ತದೆ. ಆದರೆ ನಿಯಮದ ಸಂಖ್ಯೆ ಇರಬೇಕಾದ ಜಾಗಕ್ಕೆ ಬಂದಾಗ, ನಿಜವಾದ ಸಂಖ್ಯೆ ಗೊತ್ತಿರಲಿ ಬಿಡಲಿ, ನಿಯಮದ ಸಂಖ್ಯೆಯಂತೆ ಕಾಣುವ ಏನೋ ಒಂದು ಅಲ್ಲಿ ಬಂದು ಕೂರುತ್ತದೆ. ಗ್ರಂಥಾಲಯದ ಕಪಾಟಿನಿಂದ ಪುಸ್ತಕ ತೆಗೆದು ಓದಿ ಹೇಳುವ ಕೆಲಸ ಇದಲ್ಲವೆಂಬುದನ್ನು ಅರಿತ ಮೇಲೆ ಆ ರಜೆಯ ನಿಯಮ ನನಗೆ ಸೋಜಿಗವೆನಿಸಲಿಲ್ಲ.

ಇದೇ ಎಡವಟ್ಟು ನ್ಯಾಯಾಲಯದವರೆಗೂ ಹೋಗಿದೆ. 2023ರಲ್ಲಿ ನ್ಯೂಯಾರ್ಕಿನಲ್ಲಿ ವಿಮಾನ ಸಂಸ್ಥೆಯೊಂದರ ವಿರುದ್ಧದ ಮೊಕದ್ದಮೆಯಲ್ಲಿ ವಕೀಲರು ಸಲ್ಲಿಸಿದ ದಾಖಲೆಯಲ್ಲಿ ಅಸ್ತಿತ್ವದಲ್ಲೇ ಇಲ್ಲದ ಹಲವು ತೀರ್ಪುಗಳ ಉಲ್ಲೇಖವಿತ್ತು. ಅವನ್ನು ಚಾಟ್‌ಜಿಪಿಟಿ ಹೆಣೆದುಕೊಟ್ಟಿತ್ತು. ನ್ಯಾಯಾಧೀಶರು 5,000 ಡಾಲರ್ ದಂಡ ವಿಧಿಸಿದರು. ಆ ಪ್ರಕರಣದಲ್ಲಿ ನನ್ನ ಮನಸ್ಸಿನಲ್ಲಿ ಉಳಿದ ವಿವರ ಬೇರೆಯೇ. ಸಂಶಯ ಬಂದಾಗ ಆ ವಕೀಲರು ಅದೇ ಚಾಟ್‌ಜಿಪಿಟಿಯನ್ನು, ಈ ತೀರ್ಪು ನಿಜವಾದದ್ದೇ ಎಂದು ಕೇಳಿದ್ದರು, ಅದು ಹೌದು ಎಂದಿತ್ತು. ನಮ್ಮಲ್ಲಿ ತುಂಬಾ ಜನ ಮಾಡುವುದು ಇದನ್ನೇ. ಕೊಟ್ಟ ಉತ್ತರವನ್ನು ಕೊಟ್ಟವರ ಬಳಿಯೇ ಪರೀಕ್ಷಿಸಿಕೊಂಡು, ಎರಡನೆಯ ಸಲವೂ ಅದನ್ನೇ ಹೇಳಿತೆಂದು ಸಮಾಧಾನಪಡುತ್ತಾರೆ. ನಾನು ಬಳಸುವ ಸೇವೆಯಲ್ಲಿ ಇದಕ್ಕೆ ಇನ್ನೊಂದು ಮುಖವೂ ಇದೆ: ‘ಇದು ತಪ್ಪಲ್ಲವೇ?’ ಎಂದು ಕೇಳಿದರೆ, ಸರಿಯಾಗಿದ್ದ ಉತ್ತರವನ್ನೂ ಕ್ಷಮೆ ಕೇಳಿ ಬದಲಿಸಿಬಿಡುತ್ತದೆ. ಪ್ರಶ್ನೆಯ ಒಲವು ಎತ್ತ ಇದೆಯೋ ಉತ್ತರವೂ ಅತ್ತ ವಾಲುತ್ತದೆ.

ಅಂತರ್ಜಾಲದಲ್ಲಿ ಹುಡುಕಿ ಕೊಂಡಿಗಳ ಸಮೇತ ಉತ್ತರಿಸುವ ಸೌಲಭ್ಯ ಈಗ ಇದೆ, ಅದು ದೊಡ್ಡ ಸುಧಾರಣೆ. ಆದರೂ ಕೊಂಡಿಯನ್ನು ಒತ್ತಿ ಮೂಲವನ್ನು ಓದಲೇಬೇಕು. ಪುಟ ನಿಜವಾಗಿದ್ದು, ಸಹಾಯಕ ಹೇಳಿದ ಮಾತು ಆ ಪುಟದಲ್ಲಿ ಇಲ್ಲದಿರುವುದನ್ನು ನಾನು ಹಲವು ಸಲ ಕಂಡಿದ್ದೇನೆ.

ಹಾಗಾದರೆ ಬೇಕಾದ ಪಠ್ಯವನ್ನು ನಾವೇ ಒದಗಿಸಿದರೆ ಭಯವಿಲ್ಲ ಎಂಬ ತೀರ್ಮಾನಕ್ಕೆ ಬಂದೆ. ಅದು ಮುಕ್ಕಾಲು ಪಾಲು ನಿಜ. ಹನ್ನೆರಡು ಪುಟದ ವರದಿಯನ್ನು ಕೊಟ್ಟು ಒಂದು ಪುಟದ ಸಾರಾಂಶ ಕೇಳಿದರೆ ಚೊಕ್ಕವಾಗಿ ಕೊಡುತ್ತದೆ. ಒಂದೇ ವಿಷಯ ಎರಡು ಕಡೆ ಬೇರೆ ಬೇರೆಯಾಗಿ ಬಂದಿದ್ದರೆ ಹುಡುಕಿ ತೋರಿಸುತ್ತದೆ. ಒರಟಾಗಿ ಬರೆದ ಪತ್ರವನ್ನು ಸೌಜನ್ಯದ ಭಾಷೆಗೆ ತರುತ್ತದೆ. ಉಳಿದ ಕಾಲು ಪಾಲು ಏನೆಂಬುದು ಗೊತ್ತಾದದ್ದು ಸಭೆಯ ನಡಾವಳಿ ಬರೆಸಿದಾಗ. ಧ್ವನಿಮುದ್ರಣದಿಂದ ಅಕ್ಷರಕ್ಕಿಳಿಸಿದ ಮಾತುಕತೆಯನ್ನು ಕೊಟ್ಟು ನಿರ್ಣಯಗಳ ಪಟ್ಟಿ ಮಾಡಲು ಹೇಳಿದ್ದೆ. ಅದರಲ್ಲಿ ನಾಲ್ಕನೆಯ ನಿರ್ಣಯ ಹೀಗಿತ್ತು: ‘ಹೆಚ್ಚುವರಿ ಸಿಬ್ಬಂದಿಯನ್ನು ನೇಮಿಸುವ ಪ್ರಸ್ತಾವವನ್ನು ಪರಿಶೀಲಿಸಲು ಅಧ್ಯಕ್ಷರು ಒಪ್ಪಿದರು.’ ನಾನು ಆ ಸಭೆಯಲ್ಲಿ ಕುಳಿತಿದ್ದೆ. ಪ್ರಸ್ತಾವ ಬಂದಾಗ ಅಧ್ಯಕ್ಷರು ಕಾಗದಗಳಿಂದ ತಲೆ ಎತ್ತದೆ ‘ನೋಡೋಣ ಬಿಡಿ’ ಎಂದಿದ್ದರು. ಕನ್ನಡ ಬಲ್ಲವರಿಗೆ ಆ ‘ಬಿಡಿ’ ಏನು ಹೇಳುತ್ತದೆ ಎಂದು ವಿವರಿಸಬೇಕಾಗಿಲ್ಲ. ಆ ಪ್ರಸ್ತಾವ ಅಲ್ಲಿಗೆ ಮುಗಿದಿತ್ತು. ಬರೆದ ಮಾತಿನಲ್ಲಿ ಉಳಿದದ್ದು ‘ನೋಡೋಣ’ ಎಂಬ ಪದ ಮಾತ್ರ, ಅದರ ನಿಘಂಟಿನ ಅರ್ಥವನ್ನು ಹಿಡಿದು ಯಂತ್ರ ಒಪ್ಪಿಗೆಯನ್ನು ದಾಖಲಿಸಿತ್ತು. ಆ ನಡಾವಳಿ ಹಾಗೆಯೇ ಹೊರಗೆ ಹೋಗಿದ್ದರೆ, ಮುಂದಿನ ಸಭೆಯಲ್ಲಿ ಯಾರಾದರೂ ಅದನ್ನೇ ಎತ್ತಿ ಹಿಡಿದು ನೇಮಕ ಏನಾಯಿತು ಎಂದು ಕೇಳುತ್ತಿದ್ದರು, ಉತ್ತರ ಹೇಳಬೇಕಾದವಳು ನಾನಾಗಿರುತ್ತಿದ್ದೆ.

ನನ್ನ ಮಟ್ಟಿಗೆ ಇದು ಎಂಟು ತಿಂಗಳ ಅತ್ಯಂತ ಮುಖ್ಯವಾದ ಪಾಠ. ನಿಯಮದ ಸಂಖ್ಯೆ ತಪ್ಪಾದರೆ ಪುಸ್ತಕ ತೆರೆದವರು ಯಾರು ಬೇಕಾದರೂ ಹಿಡಿಯಬಹುದು. ‘ನೋಡೋಣ’ ತಪ್ಪಾದರೆ ಹಿಡಿಯಬಲ್ಲವರು ಆ ಕೋಣೆಯಲ್ಲಿ ಇದ್ದವರು ಮಾತ್ರ. ಸಾರಾಂಶವೆಂದರೆ ಚಿಕ್ಕದು ಮಾಡುವುದಷ್ಟೇ, ಅದರಲ್ಲಿ ತಪ್ಪಾಗಲು ಏನಿದೆ ಎಂದು ಕೇಳುವವರಿಗೆ ನಾನು ಈ ಉದಾಹರಣೆಯನ್ನೇ ಕೊಡುತ್ತೇನೆ. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ಪ್ರತಿ ಆಯ್ಕೆಯಲ್ಲೂ ಒಂದು ತೀರ್ಮಾನ ಅಡಗಿರುತ್ತದೆ. ಯಂತ್ರ ನಮ್ಮ ಮಾತನ್ನು ಗ್ರಹಿಸಿದೆ ಎಂಬ ಭಾವನೆ ಎಷ್ಟು ಸುಲಭವಾಗಿ ಹುಟ್ಟುತ್ತದೆ ಎಂಬುದಕ್ಕೆ ಹಳೆಯ ಸಾಕ್ಷಿಯೂ ಇದೆ. 1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜೆನ್‌ಬಾಮ್ ಎಲೈಜಾ ಎಂಬ ಸಂಭಾಷಣಾ ಪ್ರೋಗ್ರಾಮನ್ನು ಪ್ರಕಟಿಸಿದರು. ಅದು ಎದುರಿನವರ ಮಾತಿನ ಪದಗಳನ್ನೇ ತಿರುಗಿಸಿ ಪ್ರಶ್ನೆ ಮಾಡುವುದರ ಆಚೆ ಏನನ್ನೂ ಮಾಡುತ್ತಿರಲಿಲ್ಲ. ಅದನ್ನು ಕಟ್ಟುವುದನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ, ಅದರೊಡನೆ ಸ್ವಲ್ಪ ಮಾತಾಡಿದ ಮೇಲೆ, ವೈಜೆನ್‌ಬಾಮ್ ಅವರನ್ನು ಕೋಣೆಯಿಂದ ಹೊರಗೆ ಹೋಗುವಂತೆ ಕೇಳಿಕೊಂಡರು. ಇಂದಿನ ಸಹಾಯಕಗಳು ಎಲೈಜಾಕ್ಕಿಂತ ಎಷ್ಟೋ ಪಟ್ಟು ಸಮರ್ಥವಾದವು. ನಮ್ಮ ಮನಸ್ಸಿನ ಆ ಒಲವು ಮಾತ್ರ ಬದಲಾಗಿಲ್ಲ.

ಅಂಕಿಸಂಖ್ಯೆಗಳ ಬಗ್ಗೆ. ಕಂಪ್ಯೂಟರ್ ಎಂದ ಮೇಲೆ ಕೂಡುವುದರಲ್ಲಿ ತಪ್ಪುವುದಿಲ್ಲ ಎಂಬುದು ಸಹಜವಾದ ನಂಬಿಕೆ. ಆದರೆ ಭಾಷಾ ಮಾದರಿ ಮೊತ್ತವನ್ನೂ ಪದಗಳಂತೆಯೇ ತುಣುಕು ತುಣುಕಾಗಿ ಬರೆಯುತ್ತದೆ. ಐವತ್ತು ಸಾಲಿನ ಕೋಷ್ಟಕವನ್ನು ಸಂಭಾಷಣೆಯಲ್ಲಿ ಅಂಟಿಸಿ ಮೊತ್ತ ಕೇಳಿದಾಗ ಬಂದ ಉತ್ತರ ನೋಡಲು ನಂಬುವಂತಿತ್ತು, ಎಕ್ಸೆಲ್‌ನಲ್ಲಿ ಕೂಡಿದಾಗ ಬೇರೆ ಬಂತು. ಅದೇ ಕೋಷ್ಟಕಕ್ಕೆ ಸೂತ್ರ ಬರೆದುಕೊಡು ಎಂದಾಗ ಕೊಟ್ಟ ಸೂತ್ರ ಮೊದಲ ಸಲಕ್ಕೇ ಸರಿಯಾಗಿತ್ತು. ಈ ಸೇವೆ ಕೆಲವೊಮ್ಮೆ ತಾನೇ ಒಂದು ಪುಟ್ಟ ಪ್ರೋಗ್ರಾಂ ಬರೆದು, ಓಡಿಸಿ, ಫಲಿತಾಂಶ ಹೇಳುತ್ತದೆ. ಹಾಗೆ ಮಾಡಿದಾಗ ಲೆಕ್ಕವನ್ನು ನಂಬಬಹುದು, ಯಾವ ಸಾಲುಗಳನ್ನು ಕೂಡಿತು ಎಂಬುದನ್ನು ಮಾತ್ರ ನೋಡಿಕೊಳ್ಳಬೇಕು. ಎಕ್ಸೆಲ್ ಸೂತ್ರಗಳ ವಿಷಯದಲ್ಲಿ ನಾನು ಈ ಸೇವೆಗೆ ಮನಸಾರೆ ಪೂರ್ಣ ಅಂಕ ಕೊಡುತ್ತೇನೆ. ಹಿಂದೆ ಅರ್ಧ ದಿನ ತಿಣುಕುತ್ತಿದ್ದ ಕೆಲಸಗಳು ಈಗ ನಿಮಿಷಗಳಲ್ಲಿ ಮುಗಿಯುತ್ತವೆ, ಸೂತ್ರ ಏಕೆ ಹಾಗಿದೆ ಎಂದು ಕೇಳಿದರೆ ತಾಳ್ಮೆಯಿಂದ ಬಿಡಿಸಿಯೂ ಹೇಳುತ್ತದೆ.

ಕನ್ನಡದಲ್ಲಿ ಎಣಿಕೆಯ ತೊಡಕು ಇನ್ನೂ ಹೆಚ್ಚು. ಅರ್ಜಿ ನಮೂನೆಯ ಒಂದು ಅಂಕಣಕ್ಕೆ ಇಂತಿಷ್ಟೇ ಅಕ್ಷರಗಳಲ್ಲಿ ವಿವರಣೆ ಬರೆದುಕೊಡು ಎಂದರೆ ಸಹಾಯಕ ಪ್ರತಿ ಸಲವೂ ಮಿತಿ ಮೀರುತ್ತಿತ್ತು. ‘ಸ್ತ್ರೀ’ ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಅಕ್ಷರಗಳನ್ನು ಕಂಪ್ಯೂಟರಿಗೆ ತಿಳಿಸುವ ಸಂಕೇತ ವ್ಯವಸ್ಥೆಯಾದ ಯೂನಿಕೋಡ್‌ನಲ್ಲಿ ಅದು ಸ, ವಿರಾಮ (ಒತ್ತಕ್ಷರ ಕೂಡಿಸುವ ಚಿಹ್ನೆ), ತ, ವಿರಾಮ, ರ, ಈಕಾರ ಎಂಬ ಆರು ಸಂಕೇತಗಳು. ಅವನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ರೂಪದಲ್ಲಿ ಪ್ರತಿಯೊಂದಕ್ಕೂ 3 ಬೈಟ್‌ನಂತೆ ಒಟ್ಟು 18 ಬೈಟ್. ಮಾದರಿಗೆ ಕಾಣುವುದು ಅಕ್ಷರವೂ ಅಲ್ಲ, ಸಂಕೇತವೂ ಅಲ್ಲ, ತನ್ನದೇ ಲೆಕ್ಕದ ಟೋಕನ್‌ಗಳು. ಅದೇ ಕಾರಣಕ್ಕೆ ಒಂದೇ ವಿಷಯವನ್ನು ಇಂಗ್ಲಿಷಿಗಿಂತ ಕನ್ನಡದಲ್ಲಿ ಹೇಳಲು ಸಾಮಾನ್ಯವಾಗಿ ಹೆಚ್ಚು ಟೋಕನ್ ಬೇಕಾಗುತ್ತದೆ, ಬಳಕೆಯ ಮಿತಿಯೂ ಬೇಗ ಮುಗಿಯುತ್ತದೆ. ಚಂದಾ ಯೋಜನೆ ಆರಿಸುವಾಗ ಕನ್ನಡದಲ್ಲಿ ಕೆಲಸ ಮಾಡುವವರು ಇದನ್ನು ಗಮನದಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಭಾಷೆಯ ಗುಣಮಟ್ಟದ ಮಾತು ಬಂದಾಗ ನನಗೆ ಸಮಾಧಾನ ಮತ್ತು ಅಸಮಾಧಾನ ಎರಡೂ ಇವೆ. ಕಾಗುಣಿತ ಬಹುಮಟ್ಟಿಗೆ ಸರಿಯಾಗಿರುತ್ತದೆ, ಅಲ್ಪಪ್ರಾಣ ಮಹಾಪ್ರಾಣಗಳ ತಪ್ಪನ್ನು ಚೆನ್ನಾಗಿ ಹಿಡಿಯುತ್ತದೆ. ವಾಕ್ಯದ ಕಟ್ಟು ಮಾತ್ರ ಪದೇ ಪದೇ ಬೇರೆ ಭಾಷೆಯ ನೆರಳಿನಲ್ಲಿ ನಿಲ್ಲುತ್ತದೆ. ‘ನಿಮ್ಮ ಮನವಿಯು ನಮ್ಮಿಂದ ಪರಿಶೀಲಿಸಲ್ಪಡುತ್ತಿದೆ’ ಎಂದು ಬರೆದುಕೊಟ್ಟ ಪತ್ರವನ್ನು ನಾನು ‘ನಿಮ್ಮ ಮನವಿಯನ್ನು ಪರಿಶೀಲಿಸುತ್ತಿದ್ದೇವೆ’ ಎಂದು ತಿದ್ದಬೇಕಾಯಿತು. ಇಂಥ ಪತ್ರ ಓದಿದವರಿಗೆ ಅರ್ಥವಾಗುವುದಿಲ್ಲವೆಂದಲ್ಲ. ತಮ್ಮೊಡನೆ ಯಾರೂ ನೇರವಾಗಿ ಮಾತಾಡುತ್ತಿಲ್ಲ ಎಂಬ ಭಾವ ಅವರಲ್ಲಿ ಉಳಿಯುತ್ತದೆ. ನಾವು ಹಿಂದೆ ಬರೆದ ಮೂರು ಒಳ್ಳೆಯ ಪತ್ರಗಳನ್ನು ಮಾದರಿಯಾಗಿ ಕೊಟ್ಟು ಬರೆಸಿದಾಗ ಈ ದೋಷ ಎದ್ದು ಕಾಣುವಷ್ಟು ಕಡಿಮೆಯಾಯಿತು.

ಅಂತರ್ಜಾಲದ ತುಂಬ ಮಂತ್ರದಂತೆ ಹಂಚುವ, ಸಹಾಯಕಕ್ಕೆ ಕೊಡುವ ಸೂಚನೆಗಳಾದ ಸಿದ್ಧ ಪ್ರಾಂಪ್ಟ್‌ಗಳಿಗಿಂತ ಆ ಮೂರು ಪತ್ರಗಳೇ ನನಗೆ ಹೆಚ್ಚು ನೆರವಾದವು. ಸರಿಯಾದ ಪ್ರಾಂಪ್ಟ್ ಸಿಕ್ಕಿದರೆ ಎಲ್ಲ ಸಾಧ್ಯ ಎಂಬ ನಂಬಿಕೆಗೆ ಆಧಾರವಿಲ್ಲ. ಹೊಸದಾಗಿ ಸೇರಿದ ಸಹೋದ್ಯೋಗಿಗೆ ಕೆಲಸ ವಹಿಸುವಾಗ ಏನೇನು ಹೇಳುತ್ತೇವೆಯೋ, ಅಂದರೆ ಪತ್ರ ಯಾರಿಗೆ, ಏಕೆ, ಹಿಂದೆ ಏನಾಗಿದೆ, ಏನನ್ನು ಹೇಳಬಾರದು ಎಂಬುದನ್ನು, ಇಲ್ಲಿಯೂ ಹೇಳಬೇಕು. ಅಷ್ಟೇ.

ಬಳಸುತ್ತ ಬಳಸುತ್ತ ಇದು ನನ್ನನ್ನು ನೋಡಿ ಕಲಿಯುತ್ತದೆ ಎಂಬ ಊಹೆ ನನಗೂ ಇತ್ತು. ಮೊದಲ ತಿಂಗಳು ಒಂದೇ ಪದವನ್ನು ಹತ್ತಾರು ಸಲ ತಿದ್ದಿ, ಇನ್ನು ಇದು ನೆನಪಿಟ್ಟುಕೊಳ್ಳುತ್ತದೆ ಎಂದು ಕಾದೆ. ಹೊಸ ಸಂಭಾಷಣೆ ತೆರೆದಾಗ ಹಳೆಯ ತಪ್ಪೇ ಎದುರಾಗುತ್ತಿತ್ತು. ನಾವು ಮಾತಾಡುವಾಗ ಮಾದರಿಯ ತರಬೇತಿ ನಡೆಯುತ್ತಿರುವುದಿಲ್ಲ. ಒಂದು ಸಂಭಾಷಣೆಯೊಳಗೆ ಹೇಳಿದ್ದು ಅದರ ಕಣ್ಣೆದುರು ಇರುವಷ್ಟು ಹೊತ್ತು ಕೆಲಸಕ್ಕೆ ಬರುತ್ತದೆ, ಆ ನೋಟಕ್ಕೂ ಒಂದು ಮಿತಿ ಇದೆ. ತೀರಾ ಉದ್ದವಾದ ಸಂಭಾಷಣೆಯಲ್ಲಿ ಆರಂಭದ ಸೂಚನೆಗಳು ಸಡಿಲವಾಗುವುದನ್ನು ಕಾಣಬಹುದು. ನೆನಪಿನ ಸೌಲಭ್ಯವೆಂದು ಕರೆಯುವುದು ಒಂದು ಟಿಪ್ಪಣಿ ಪುಸ್ತಕದಂತೆ: ಅಲ್ಲಿ ಬರೆದಿಟ್ಟದ್ದನ್ನು ಪ್ರತಿ ಸಲ ಸಂಭಾಷಣೆಯ ಜೊತೆಗೆ ಸೇರಿಸಿಕೊಳ್ಳುತ್ತದೆ. ನಾನೀಗ ನಮ್ಮ ಕಚೇರಿಯ ಪದಗಳ ಪಟ್ಟಿಯೊಂದನ್ನು ಮಾಡಿ, ಪ್ರತಿ ಹೊಸ ಕೆಲಸಕ್ಕೂ ಮೊದಲು ಅದನ್ನೇ ಕೊಡುತ್ತೇನೆ.

ಗೋಪ್ಯತೆಯ ವಿಷಯದಲ್ಲಿ ಎರಡು ತುದಿಯ ಮಾತುಗಳು ಕೇಳಿಬರುತ್ತವೆ. ಹಣ ಕೊಟ್ಟ ಮೇಲೆ ಎಲ್ಲ ಗುಟ್ಟಾಗಿ ಉಳಿಯುತ್ತದೆ ಎಂಬುದು ಒಂದು, ಇಲ್ಲಿ ಬರೆದದ್ದೆಲ್ಲ ನಾಳೆ ಬೇರೆಯವರ ಉತ್ತರದಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದು ಇನ್ನೊಂದು. ವಸ್ತುಸ್ಥಿತಿ ಯೋಜನೆಯಿಂದ ಯೋಜನೆಗೆ ಬದಲಾಗುತ್ತದೆ. ಸಂಭಾಷಣೆಗಳನ್ನು ಮುಂದಿನ ತರಬೇತಿಗೆ ಬಳಸಬಹುದೇ ಎಂಬ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿ ಇರುತ್ತದೆ. ನನ್ನ ಖಾತೆಯಲ್ಲಿ ಅದು ಆರಂಭದಲ್ಲಿ ‘ಹೌದು’ ಎಂದೇ ಇತ್ತು, ಅದನ್ನು ಹುಡುಕಿ ಬದಲಿಸಲು ನಾಲ್ಕು ಪುಟ ದಾಟಬೇಕಾಯಿತು. ಇಷ್ಟು ಮುಖ್ಯವಾದ ಆಯ್ಕೆಯನ್ನು ಅಷ್ಟು ಒಳಗೆ ಇಡಬಾರದಿತ್ತು ಎಂಬುದು ನನ್ನ ಖಚಿತ ದೂರು. 2023ರಲ್ಲಿ ಸ್ಯಾಮ್‌ಸಂಗ್‌ನ ಎಂಜಿನಿಯರುಗಳು ಕಂಪನಿಯ ಒಳಗಿನ ಸೋರ್ಸ್ ಕೋಡ್ (ತಂತ್ರಾಂಶದ ಮೂಲ ಬರಹ) ಅನ್ನು ಚಾಟ್‌ಜಿಪಿಟಿಯಲ್ಲಿ ಅಂಟಿಸಿದ್ದು ಬೆಳಕಿಗೆ ಬಂದು, ಆ ಕಂಪನಿ ಇಂಥ ಸಾಧನಗಳ ಬಳಕೆಯನ್ನು ನಿರ್ಬಂಧಿಸಿತು. ಅವರು ಯಾರೂ ಗುಟ್ಟನ್ನು ಬಯಲು ಮಾಡಲು ಹೊರಟವರಲ್ಲ, ಕೈಯಲ್ಲಿದ್ದ ಕೆಲಸ ಬೇಗ ಮುಗಿಯಲೆಂದು ಹಾಗೆ ಮಾಡಿದವರು. ನಾನು ಹೆಸರು, ವಿಳಾಸ, ಖಾತೆ ಸಂಖ್ಯೆಗಳನ್ನು ತೆಗೆದು, ಅವುಗಳ ಜಾಗದಲ್ಲಿ ‘ಕ’, ‘ಖ’ ಎಂದು ಹಾಕಿದ ಪ್ರತಿಯನ್ನು ಮಾತ್ರ ಕೊಡುತ್ತೇನೆ. ತೆಗೆಯಲಾಗದ ಕಡತಗಳನ್ನು ಕೊಡುವುದೇ ಇಲ್ಲ.

ಸಮಯ ಉಳಿಯುತ್ತದೆಯೇ? ಜನ ಮೊದಲು ಕೇಳುವ ಪ್ರಶ್ನೆ ಇದು, ಎಲ್ಲರೂ ಉತ್ತರ ಮೊದಲೇ ಗೊತ್ತಿದೆ ಎಂದುಕೊಂಡಿರುವ ಪ್ರಶ್ನೆಯೂ ಹೌದು. ಗ್ರಾಹಕ ಸೇವಾ ಕೇಂದ್ರದ 5,179 ಸಿಬ್ಬಂದಿಯನ್ನು ಗಮನಿಸಿ ಅರ್ಥಶಾಸ್ತ್ರಜ್ಞ ಎರಿಕ್ ಬ್ರಿನ್ಯೋಲ್ಫ್‌ಸನ್ ಮತ್ತು ಸಂಗಡಿಗರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಐ ನೆರವಿನಿಂದ ಗಂಟೆಗೆ ಬಗೆಹರಿಸುವ ಪ್ರಕರಣಗಳು ಸರಾಸರಿ ಶೇ 14ರಷ್ಟು ಹೆಚ್ಚಿದವು. ಹೊಸಬರಲ್ಲಿ ಈ ಹೆಚ್ಚಳ ಶೇ 34, ನುರಿತವರಲ್ಲಿ ಬಹಳ ಕಡಿಮೆ. ಮತ್ತೊಂದೆಡೆ ಎಂಇಟಿಆರ್ ಎಂಬ ಸಂಸ್ಥೆ 2025ರಲ್ಲಿ 16 ಮಂದಿ ಅನುಭವಿ ಸಾಫ್ಟ್‌ವೇರ್ ಅಭಿವೃದ್ಧಿಕಾರರನ್ನು ಅವರಿಗೆ ಚಿರಪರಿಚಿತವಾದ ಕೋಡ್‌ನ ಮೇಲೆಯೇ ಕೆಲಸಕ್ಕೆ ಹಚ್ಚಿ ನೋಡಿತು. ಎಐ ಬಳಸಿದಾಗ ಅವರಿಗೆ ಶೇ 19ರಷ್ಟು ಹೆಚ್ಚು ಸಮಯ ಹಿಡಿಯಿತು, ಕೆಲಸ ಮುಗಿದ ಮೇಲೂ ಅವರು ತಮಗೆ ಶೇ 20ರಷ್ಟು ಸಮಯ ಉಳಿಯಿತೆಂದೇ ನಂಬಿದ್ದರು. ಇದನ್ನು ಓದಿದ ಮೇಲೆ ನಾನು ಮೂರು ವಾರ ಪ್ರತಿ ಕೆಲಸದ ಆರಂಭ ಮತ್ತು ಅಂತ್ಯದ ಸಮಯವನ್ನು ಬರೆದಿಟ್ಟೆ. ಅಪರಿಚಿತ ವಿಷಯದ ಪತ್ರದ ಮೊದಲ ಕರಡು, ಎಕ್ಸೆಲ್ ಸೂತ್ರ, ಉದ್ದ ವರದಿಯಲ್ಲಿ ವಿರೋಧಾಭಾಸ ಹುಡುಕುವುದು, ಇವುಗಳಲ್ಲಿ ನಿಜವಾಗಿಯೂ ಸಮಯ ಉಳಿದಿತ್ತು. ನನಗೆ ಕರತಲಾಮಲಕವಾದ ಮಾಮೂಲಿ ಪತ್ರಗಳಲ್ಲಿ ಏನೂ ಉಳಿದಿರಲಿಲ್ಲ. ನಡಾವಳಿಯಲ್ಲಂತೂ ಪರಿಶೀಲನೆಗೆ ಹಿಡಿದ ಹೊತ್ತನ್ನು ಸೇರಿಸಿದರೆ ಹಿಂದಿಗಿಂತ ಹೆಚ್ಚೇ ಆಗಿತ್ತು.

ಬರಹವನ್ನು ಎಐ ಬರೆದದ್ದೇ ಎಂದು ಪತ್ತೆಹಚ್ಚುವ ಸಾಧನಗಳನ್ನು ನಂಬಿ ಸಹೋದ್ಯೋಗಿಗಳ ಮೇಲೆ ಸಂಶಯಪಡುವವರಿಗೆ ಒಂದು ಮಾತು. ಚಾಟ್‌ಜಿಪಿಟಿಯನ್ನು ರೂಪಿಸಿದ ಓಪನ್‌ಎಐ ತಾನೇ 2023ರ ಜನವರಿಯಲ್ಲಿ ಅಂಥ ಸಾಧನವೊಂದನ್ನು ಹೊರತಂದಿತು. ಅದು ಎಐ ಬರೆದ ಪಠ್ಯದಲ್ಲಿ ಶೇ 26ರಷ್ಟನ್ನು ಮಾತ್ರ ಗುರುತಿಸುತ್ತಿತ್ತು, ಮನುಷ್ಯರು ಬರೆದದ್ದರಲ್ಲಿ ಶೇ 9ರಷ್ಟನ್ನು ತಪ್ಪಾಗಿ ಎಐ ಬರಹವೆಂದು ಹೇಳುತ್ತಿತ್ತು. ನಿಖರತೆ ಸಾಲದೆಂದು ಅದೇ ವರ್ಷದ ಜುಲೈನಲ್ಲಿ ಅದನ್ನು ಹಿಂತೆಗೆದುಕೊಂಡರು. ಇಂಥ ಸಾಧನದ ಮಾತನ್ನು ಹಿಡಿದು ಒಬ್ಬರ ಪ್ರಾಮಾಣಿಕತೆಯನ್ನು ಪ್ರಶ್ನಿಸುವುದು ಅನ್ಯಾಯ.

ಜವಾಬ್ದಾರಿಯ ಪ್ರಶ್ನೆಯೂ ಹೀಗೆಯೇ ತಪ್ಪಾಗಿ ಅರ್ಥವಾಗಿದೆ. ಏರ್ ಕೆನಡಾದ ಜಾಲತಾಣದ ಚಾಟ್‌ಬಾಟ್ ಪ್ರಯಾಣಿಕರೊಬ್ಬರಿಗೆ ರಿಯಾಯಿತಿಯ ಬಗ್ಗೆ ತಪ್ಪು ಮಾಹಿತಿ ಕೊಟ್ಟ ಪ್ರಕರಣದಲ್ಲಿ, ಚಾಟ್‌ಬಾಟ್‌ನ ಮಾತಿಗೆ ತಾನು ಹೊಣೆಯಲ್ಲ ಎಂಬ ಕಂಪನಿಯ ವಾದವನ್ನು ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನ್ಯಾಯಮಂಡಳಿ 2024ರ ಫೆಬ್ರುವರಿಯಲ್ಲಿ ತಳ್ಳಿಹಾಕಿ, ಪ್ರಯಾಣಿಕರಿಗೆ ಪರಿಹಾರ ಕೊಡಲು ಆದೇಶಿಸಿತು. ನಮ್ಮ ಮೇಜಿನ ಮೇಲಿನ ಪತ್ರಕ್ಕೂ ಇದೇ ಮಾತು ಅನ್ವಯಿಸುತ್ತದೆ. ಕೆಳಗಿನ ಸಹಿ ಯಾರದೋ ಪತ್ರವೂ ಅವರದೇ.

ಈ ಸೇವೆಯನ್ನು ಯಾರು ತೆಗೆದುಕೊಳ್ಳಬಹುದು ಎಂದು ಕೇಳಿದರೆ, ಬಂದ ಉತ್ತರ ಸರಿಯೇ ತಪ್ಪೇ ಎಂದು ತಾವೇ ನೋಡಿ ಹೇಳಬಲ್ಲ ಕೆಲಸ ಇರುವವರಿಗೆ ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಗೊತ್ತಿಲ್ಲದ ಕ್ಷೇತ್ರದಲ್ಲಿ ತಜ್ಞರ ಬದಲಿಗೆ ಬಳಸಲು ಹೊರಟವರಿಗೆ ಬೇಡ ಎನ್ನುತ್ತೇನೆ. ರೂಪಿಸಿದವರಿಂದ ನಾನು ಬಯಸುವುದು ಮೂರು ಸಂಗತಿ: ಗೋಪ್ಯತೆಯ ಆಯ್ಕೆ ಮೊದಲ ಪುಟದಲ್ಲೇ ಇರಲಿ, ಕನ್ನಡ ವಾಕ್ಯದ ನಡೆ ಇನ್ನಷ್ಟು ಸುಧಾರಿಸಲಿ, ಮತ್ತು ಊಹೆಯಿಂದ ಬರೆದ ಸಂಖ್ಯೆಯನ್ನು ಊಹೆಯೆಂದು ಗುರುತು ಹಾಕಿ ತೋರಿಸುವ ವ್ಯವಸ್ಥೆ ಬರಲಿ. ಚಂದಾವನ್ನು ಮುಂದಿನ ವರ್ಷಕ್ಕೂ ಮುಂದುವರಿಸಿದ್ದೇನೆ. ಪತ್ರ, ಕೋಷ್ಟಕ, ವರದಿ ಎಲ್ಲದಕ್ಕೂ ಅದು ನನ್ನ ಜೊತೆಯಲ್ಲಿದೆ; ಸಭೆಗೆ ಮಾತ್ರ ಮೊದಲಿನಂತೆ ನೋಟ್‌ಬುಕ್ ಹಿಡಿದು ಹೋಗಿ, ನಡಾವಳಿಯನ್ನು ನಾನೇ ಬರೆಯುತ್ತಿದ್ದೇನೆ.